ಬಿಡಿಭಾಗಗಳ ತಂತ್ರಾಂಶ: ಮಾಡಿಸುವ ಮುನ್ನ ಕೇಳಬೇಕಾದ ಮಾತು

ರಾಯಬಾಗದ ಕಬ್ಬಿನ ಹೊಲದಲ್ಲಿ ಪಂಪಿನ ಬೇರಿಂಗ್ ಸವೆದರೆ ಅದನ್ನಷ್ಟೇ ಬದಲಿಸುತ್ತೇವೆ. ಮುಕ್ತ ತಂತ್ರಾಂಶದಲ್ಲಿಯೂ ಈ ಕ್ರಮವುಂಟು. ಮಾಹಿತಿಯನ್ನೂ ಅದರ ಕೆಲಸವನ್ನೂ ಒಂದೇ ಘಟಕದಲ್ಲಿ ಅಡಕಮಾಡಿ, ನಿಗದಿತ ಜೋಡಣೆಯಿಂದ ಬೇಕಾದೆಡೆ ಕೂಡಿಸುವುದು. 2000ದಲ್ಲಿ ಬಂದ ಕೆಡಿಇ 2ರ ‘ಕೆಪಾರ್ಟ್ಸ್’ ಇಂಥದು.

ಗ್ನೋಮ್ ಬಳಗದ ‘ಬೊನೊಬೊ’ ಮಾತ್ರ ತೀರ ಜಟಿಲವಾಯಿತು. 2011ರ ಗ್ನೋಮ್ 3ರ ಹೊತ್ತಿಗೆ ಅದನ್ನು ಕೈಬಿಡಲಾಯಿತು. ಅದನ್ನು ನೆಚ್ಚಿದ್ದ ತಂತ್ರಾಂಶಗಳನ್ನು ತಿದ್ದಿ ಬರೆಯಬೇಕಾಯಿತು. ಆ ಶ್ರಮ ಸಣ್ಣದಲ್ಲ.

ಲಿಬ್ರೆ ಆಫೀಸಿನ ‘ಯುಎನ್‌ಓ’ ಇಂದಿಗೂ ಉಳಿದಿದೆ. ಪೈಥಾನ್‌ನಲ್ಲಿ ಬರೆದ ಸಣ್ಣ ಪ್ರೋಗ್ರಾಮ್ ಅದರ ಮೂಲಕ ಕ್ಯಾಲ್ಕ್ ಹಾಳೆಯಲ್ಲಿ ಬಿಲ್ಲು ತುಂಬಬಲ್ಲುದು. ಪರವಾನಗಿ ಶುಲ್ಕವಿಲ್ಲ, ಬರೆಸುವ ಖರ್ಚುಂಟು.

ಆದುದರಿಂದ ಬಿಲ್ಲಿಂಗ್ ತಂತ್ರಾಂಶ ಮಾಡಿಸುವ ಅಡತಿ ಅಂಗಡಿಯವರು ಬೆಲೆಗಿಂತ ಮೊದಲು, ಇದು ಯಾವ ಘಟಕದ ಮೇಲೆ ನಿಂತಿದೆ, ಅದು ನಿಂತುಹೋದರೆ ನಮ್ಮ ಲೆಕ್ಕ ಬೇರೆಡೆ ತೆರೆಯುವುದೇ ಎಂದು ಕೇಳಬೇಕು. ಲೆಕ್ಕವನ್ನು ಓಡಿಎಫ್ ರೂಪದಲ್ಲಿಯೂ ಕೊಡತಕ್ಕದ್ದೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು.