ಎಡಗೈ ಗುರಿಕಾರರು ಮತ್ತು ಬಾಯಿಯಿಂದ ಮದ್ದು ತುಂಬುವ ರೈಫಲ್

ಬಾಯಿಯಿಂದ ಮದ್ದು ತುಂಬುವ ರೈಫಲ್ ಎಂದರೆ ಮದ್ದನ್ನೂ ಗುಂಡನ್ನೂ ನಳಿಗೆಯ ಮುಂತುದಿಯಿಂದ ಇಳಿಸಿ, ಗಜದಿಂದ ಜಡಿದು, ಆಮೇಲೆ ಹಾರಿಸುವ ಕೋವಿ. ಗುಂಡು ತಿರುಗುತ್ತ ಸಾಗಲೆಂದು ಇದರ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳನ್ನು ಕೊರೆದಿರುತ್ತಾರೆ. ಈ ಕೋವಿಗಳಲ್ಲಿ ಬಹುಪಾಲು ಬಲಗೈಯವರಿಗಾಗಿಯೇ ನಿರ್ಮಾಣಗೊಂಡವು. ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಚರಾದ್ದರಿಂದ, ಅವರು ಇಂಥ ಕೋವಿಯನ್ನು ಎಡಹೆಗಲಿಗೆ ಏರಿಸಿದಾಗ ಉಂಟಾಗುವ ತೊಡಕುಗಳೂ ಅವುಗಳಿಗೆ ಕಂಡುಕೊಂಡ ಪರಿಹಾರಗಳೂ ಬಂದೂಕಿನ ಚರಿತ್ರೆಯ ಒಂದು ಭಾಗವಾಗಿವೆ.

ರಚನೆ ಮತ್ತು ತೊಡಕಿನ ಮೂಲ

ಎಡಚರ ತೊಂದರೆ ಮದ್ದು ತುಂಬುವುದರಲ್ಲಿದೆ ಎಂದು ಭಾವಿಸುವುದು ಸಹಜ, ಆದರೆ ಅದು ಸರಿಯಲ್ಲ. ಹಿಂಭಾಗದ ಮರವನ್ನು ನೆಲಕ್ಕೆ ಊರಿ, ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಅಳತೆಯ ಮದ್ದನ್ನು ಸುರಿದು, ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಗಜದಿಂದ ತಳ್ಳುವ ಕೆಲಸ ಯಾವ ಕೈಗಾದರೂ ಒಂದೇ. ಈ ದೃಷ್ಟಿಯಿಂದ ನೋಡಿದರೆ, ಬಲಬದಿಯ ಬೋಲ್ಟನ್ನು ಪ್ರತಿ ಗುಂಡಿಗೂ ಎಳೆಯಬೇಕಾದ ಆಧುನಿಕ ರೈಫಲ್‌ಗಿಂತ ಹಳೆಯ ಕೋವಿಯೇ ಎಡಚರಿಗೆ ಹೆಚ್ಚು ಉದಾರಿಯಾಗಿತ್ತು.

ನಿಜವಾದ ತೊಡಕು ಇರುವುದು ಕಿಡಿ ಹೊತ್ತಿಸುವ ಯಂತ್ರಭಾಗದಲ್ಲಿ. ಇದಕ್ಕೆ ‘ಲಾಕ್’ ಎಂದು ಹೆಸರು. ಇದನ್ನು ನಳಿಗೆಯ ಬಲಬದಿಗೆ ಕೂರಿಸುವುದು ವಾಡಿಕೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಕೋವಿಯಲ್ಲಿ ಕುದುರೆಯ ಬಾಯಿಗೆ ಕಚ್ಚಿಸಿದ ಕಲ್ಲು ಉಕ್ಕಿಗೆ ಬಡಿದು ಕಿಡಿ ಉದುರಿಸುತ್ತದೆ. ಆ ಕಿಡಿ ರಂಜಕದ ಬಟ್ಟಲಿನ ನುಣುಪು ಮದ್ದನ್ನು ಹೊತ್ತಿಸುತ್ತದೆ; ಜ್ವಾಲೆ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ತಲುಪುತ್ತದೆ. ಅದೇ ಕ್ಷಣದಲ್ಲಿ ಆ ರಂಧ್ರದಿಂದ ಬಿಸಿ ಅನಿಲವು ಬಲಬದಿಗೆ ರಭಸದಿಂದ ಹೊರಚಿಮ್ಮುತ್ತದೆ.

ಬಲಗೈಯವನು ತನ್ನ ಬಲಗೆನ್ನೆಯನ್ನು ಮರದ ಎಡಮಗ್ಗುಲಿಗೆ ಒತ್ತಿರುತ್ತಾನೆ. ಹೀಗಾಗಿ ಅವನ ಮುಖಕ್ಕೂ ಲಾಕ್‌ಗೂ ನಡುವೆ ಕೋವಿಯ ಮರವೇ ಅಡ್ಡವಿರುತ್ತದೆ. ಎಡಚನ ಮುಖವಾದರೋ ಲಾಕ್ ಇರುವ ಮಗ್ಗುಲಲ್ಲೇ, ಅದರ ಹಿಂದೆಯೇ ಇರುತ್ತದೆ. ರಂಜಕದ ಬೆಳಕು ಅವನ ಕಣ್ಣೆದುರಿಗೇ ಮಿಂಚುತ್ತದೆ. ನಳಿಗೆಗೆ ಆಸರೆ ಕೊಡುವ ಬಲ ಮುಂಗೈ ರಂಧ್ರದಿಂದ ಚಿಮ್ಮುವ ಅನಿಲದ ದಾರಿಗೆ ಸಮೀಪವಿದ್ದು, ತೋಳು ಬರಿದಾಗಿದ್ದರೆ ಚುರುಕು ಮುಟ್ಟುತ್ತದೆ. ರಂಜಕ ಹೊತ್ತುವುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಕ್ಷಣದ ಒಂದಂಶದಷ್ಟು ಅಂತರವಿರುವುದರಿಂದ, ಆ ಮಿಂಚಿಗೆ ರೆಪ್ಪೆ ಬಡಿದರೂ ಗುರಿ ಕದಲುತ್ತದೆ. ಅಭ್ಯಾಸದಿಂದ ಇದನ್ನು ಗೆದ್ದವರು ಅನೇಕರಿದ್ದಾರೆ. ಆದರೆ ಬಲಗೈಯವನು ಗೆಲ್ಲಬೇಕಾದ ಭಯಕ್ಕಿಂತ ಅದು ದೊಡ್ಡದು.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಬಡಿದರೆ ಸಿಡಿಯುವ ಮದ್ದನ್ನು ಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅದರಿಂದ ಬೆಳೆದು ಬಂದ ತಾಮ್ರದ ಕೇಪು ತೆರೆದ ರಂಜಕದ ಬಟ್ಟಲನ್ನು ಇಲ್ಲವಾಗಿಸಿತು. ಎಡಚರ ಪಾಲಿಗೆ ಬೆಂಕಿ ಕಡಿಮೆಯಾಯಿತು, ಆದರೆ ಒಡೆದ ಕೇಪಿನ ಲೋಹದ ಚೂರು ಹಾರುವ ಅಪಾಯ ಉಳಿಯಿತು.

ಮರದ ಆಕಾರವೂ ಪಕ್ಷಪಾತಿಯೇ. ಕೆನ್ನೆಗೆ ಆಸರೆಯಾದ ಉಬ್ಬು ಎಡಮಗ್ಗುಲಿನಲ್ಲಿರುತ್ತದೆ. ಅಮೆರಿಕದ ಉದ್ದನಳಿಗೆಯ ರೈಫಲ್‌ಗಳಲ್ಲಿ ಬಟ್ಟೆತುಂಡುಗಳನ್ನಿಡುವ ಸಣ್ಣ ಪೆಟ್ಟಿಗೆಯ ಬಾಗಿಲು ಬಲಕ್ಕೆ ತೆರೆಯುತ್ತದೆ.

ಸೈನ್ಯದಲ್ಲಿ

ಬ್ರಿಟಿಷರ 1800ರ ಬೇಕರ್ ರೈಫಲ್, 1853ರ ಎನ್‌ಫೀಲ್ಡ್ ರೈಫಲ್ ಎರಡಕ್ಕೂ ಲಾಕ್ ಬಲಬದಿಯಲ್ಲೇ. (1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾಗಳು ಈ ಎನ್‌ಫೀಲ್ಡ್‌ಗಾಗಿಯೇ ಬಂದವು.) ಸೈನಿಕರು ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಂತು ಹಾರಿಸುತ್ತಿದ್ದ ಕಾಲದಲ್ಲಿ ಎಲ್ಲರ ಮೈಯೂ ಒಂದೇ ದಿಕ್ಕಿಗೆ ತಿರುಗಿರಬೇಕಿತ್ತು, ಎಲ್ಲರ ಕಿಡಿಯೂ ಒಂದೇ ದಿಕ್ಕಿಗೆ ಹೋಗಬೇಕಿತ್ತು. ಎಡಕ್ಕೆ ಲಾಕ್ ಇರುವ ಒಂದೇ ಒಂದು ಕೋವಿ ಸಾಲಿನಲ್ಲಿದ್ದರೆ ಅದರ ಬೆಂಕಿ ಎಡಪಕ್ಕದವನ ಕಡೆಗೆ ಹೋಗುತ್ತಿತ್ತು. ಬಿಡಿಭಾಗಗಳು ಒಂದೇ ಬಗೆಯವಾಗಿರಬೇಕೆಂಬ ಕಾರಣವೂ ಇದಕ್ಕೆ ಸೇರಿ, ಎಡಚ ಸೈನಿಕನು ಬಲಹೆಗಲಿನಿಂದ ಹಾರಿಸಲು ಕಲಿಯಬೇಕಾಯಿತು. ಸ್ಲೇಟಿನ ಮೇಲೆ ಬಲಗೈಯಲ್ಲೇ ಬರೆಯುವಂತೆ ಒತ್ತಾಯಕ್ಕೊಳಗಾದ ಮಕ್ಕಳ ಪಾಡು ಇದಕ್ಕಿಂತ ಬೇರೆಯಲ್ಲ.

ಪರಿಹಾರಗಳು

ಹಣವುಳ್ಳ ಬೇಟೆಗಾರನು ತನಗೆ ಬೇಕಾದಂತೆ ಕೋವಿ ಮಾಡಿಸಿಕೊಳ್ಳಬಹುದಾಗಿತ್ತು. ಆದರೆ ಎಡಗೈ ಕೋವಿಗೆ ಲಾಕನ್ನು ತೆಗೆದು ಇನ್ನೊಂದು ಬದಿಗೆ ಜೋಡಿಸಿದರೆ ಸಾಲದು. ತಟ್ಟೆ, ಕುದುರೆ, ಕಮಾನು, ಬಟ್ಟಲು ಎಲ್ಲವನ್ನೂ ಕನ್ನಡಿಯ ಪ್ರತಿಬಿಂಬದಂತೆ ಹೊಸದಾಗಿಯೇ ಮಾಡಬೇಕು. ಹಳೆಯ ಎಡಗೈ ರೈಫಲ್‌ಗಳು ವಿರಳವಾಗಿರಲು ಇದು ಮುಖ್ಯ ಕಾರಣ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಚಕಮಕಿ ಪಿಸ್ತೂಲುಗಳ ಜೋಡಿಗಳಲ್ಲಿ ಒಂದಕ್ಕೆ ಬಲಬದಿಯಲ್ಲೂ ಇನ್ನೊಂದಕ್ಕೆ ಎಡಬದಿಯಲ್ಲೂ ಲಾಕ್ ಇರುವುದುಂಟು. ಅವು ರೈಫಲ್‌ಗಳಲ್ಲ, ಒಡೆಯನು ಎಡಚನೆಂಬುದಕ್ಕೆ ಸಾಕ್ಷಿಯೂ ಅಲ್ಲ. ಎಡಬದಿಯ ಲಾಕನ್ನು ರೂಪಿಸುವ ಕೌಶಲ ಆ ಕಮ್ಮಟದ ಕುಶಲಕರ್ಮಿಗಳಿಗಿತ್ತೆಂಬುದನ್ನು ಮಾತ್ರ ಅವು ತೋರಿಸುತ್ತವೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ವಿಶೇಷವಾಗಿ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ, ಕುದುರೆಯನ್ನು ನಳಿಗೆಯ ಕೆಳಗೆ ಅಳವಡಿಸಿದ ರೈಫಲ್‌ಗಳು ಬಂದವು. ಕೇಪು ಕೆಳಮುಖವಾಗಿ ಸಿಡಿಯುವುದರಿಂದ ಎರಡು ಹೆಗಲಿಗೂ ಅದು ಸಮಾನ. ಎಡಚರ ಹಿತಕ್ಕಾಗಿ ಹುಟ್ಟದಿದ್ದರೂ ಅವರಿಗೆ ಹೆಚ್ಚು ಒಪ್ಪಿದ ವಿನ್ಯಾಸ ಇದೇ ಎನ್ನಬಹುದು. 1985ರಲ್ಲಿ ಟೋನಿ ನೈಟ್ ಹೊರತಂದ ರೈಫಲ್ ಮಾದರಿಯಲ್ಲಿ ಕೇಪನ್ನು ನಳಿಗೆಯ ನೇರ ಹಿಂಬದಿಗೆ ಇರಿಸಲಾಯಿತು. ಬದಿಯ ಬೆಂಕಿಯ ಪ್ರಶ್ನೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆದರೆ ಹಳೆಯ ಮಾದರಿಗಷ್ಟೇ ಅವಕಾಶವಿರುವ ಸ್ಪರ್ಧೆಗಳಲ್ಲಿ ಇದು ಸಲ್ಲದು. ಅಂಥವರಿಗಾಗಿ ಲೈಮನ್ ಕಂಪನಿಯ ‘ಗ್ರೇಟ್ ಪ್ಲೇನ್ಸ್’ ರೈಫಲ್ ಮತ್ತು ಥಾಂಪ್ಸನ್ ಸೆಂಟರ್ ಕಂಪನಿಯ ‘ಹಾಕೆನ್’ ಎಡಗೈ ಮಾದರಿಯಲ್ಲೂ ತಯಾರಾದವು.

ಕೈ ಮತ್ತು ಕಣ್ಣು

ಯಾವ ಹೆಗಲು ಎಂಬುದನ್ನು ಕೈಯೊಂದೇ ನಿರ್ಧರಿಸುವುದಿಲ್ಲ. ಎರಡೂ ಕಣ್ಣು ತೆರೆದು ದೂರದ ಕಂಬವೊಂದಕ್ಕೆ ಬೆರಳನ್ನು ನೇರವಾಗಿ ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿದರೆ, ಯಾವ ಕಣ್ಣಿಗೆ ಬೆರಳು ಕಂಬದಿಂದ ಸರಿಯದೆ ಕಾಣುವುದೋ ಅದು ಪ್ರಧಾನ ಕಣ್ಣು. ಬಲಗೈಯವರಲ್ಲೂ ಎಡಗಣ್ಣು ಪ್ರಧಾನವಾಗಿರುವವರಿದ್ದು, ಅವರಿಗೂ ಎಡಹೆಗಲೇ ಅನುಕೂಲವಾಗಬಹುದು.

ಸುರಕ್ಷತೆ

ಮಲೆನಾಡಿನಲ್ಲಿ ಬೆಳೆಗಾವಲಿಗೆ ಬಳಕೆಯಾದ ಕೇಪಿನ ಕೋವಿಯ ನಳಿಗೆ ಸಾಮಾನ್ಯವಾಗಿ ಗೀರಿಲ್ಲದ ನುಣುಪು ನಳಿಗೆ. ಆದರೂ ಲಾಕ್ ಬಲಕ್ಕಿರುವಲ್ಲಿ ಎಡಚರಿಗೆ ಅಪಾಯ ಒಂದೇ. ಬಲಗೈ ಕೋವಿಯನ್ನು ಎಡಹೆಗಲಿನಿಂದ ಹಾರಿಸುವವರು ಗಟ್ಟಿಯಾದ ರಕ್ಷಣಾ ಕನ್ನಡಕವನ್ನೂ ಉದ್ದ ತೋಳಿನ ಹತ್ತಿಯ ಅಂಗಿಯನ್ನೂ ಧರಿಸುವುದು ಅಗತ್ಯ. ನೈಲಾನಿನಂಥ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಲಪಕ್ಕದಲ್ಲಿ ಯಾರೂ ಹತ್ತಿರ ನಿಲ್ಲಬಾರದು. ಕುದುರೆ ಬಡಿದ ಮೇಲೂ ಗುಂಡು ಹೊರಡದಿದ್ದರೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಆ ಅವಧಿಯಲ್ಲಿ ಮುಖವನ್ನು ಲಾಕ್‌ನ ಬಳಿಗೆ ತರಬಾರದು.