ನೆಲಮಾಳಿಗೆಯಲ್ಲಿ ಹೊಲಿಗೆ ಕೋಣೆ

ನಮ್ಮ ಕರಾವಳಿಯಲ್ಲಿ ಗುಡ್ಡದ ಇಳಿಜಾರಿಗೆ ಕಟ್ಟಿದ ಮನೆಗಳ ಅಡಿಯ ಅಂತಸ್ತು ಹಲವು ಕಡೆ ಖಾಲಿಯೇ ಇರ್ತದೆ. ಬಾಡಿಗೆ ಕಮ್ಮಿ ಅಂತ ಸಂಘದ ಹೊಲಿಗೆ ಘಟಕವನ್ನು ಅಲ್ಲೇ ಶುರು ಮಾಡುವ ಯೋಚನೆ ಬರುವುದು ಸಹಜ. ಮಾಡಬಹುದು. ಆದರೆ ಮೆಷಿನ್‌ಗೆ ಸಾಲ ತೆಗೆಯುವ ಮೊದಲು ಗೋಡೆ ನೋಡಿ ಅನ್ನುತ್ತೇವೆ ನಾವು. ಶಾಲಾ ಸಮವಸ್ತ್ರದ ಆರ್ಡರ್ ಬರುವುದೂ ಜೂನ್‌ನಲ್ಲೇ, ಮಳೆ ಹಿಡಿಯುವುದೂ ಜೂನ್‌ನಲ್ಲೇ. ಬಿಳಿ ಬಟ್ಟೆಗೆ ಬೂಸ್ಟು ಬಂದರೆ ಕಲೆ ಹೋಗುವುದು ಕಷ್ಟ, ನಷ್ಟ ಸಂಘದ್ದೇ.

ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಬದಿಯಲ್ಲಿ ನೀರಿನ ಹನಿ ಕಂಡರೆ ಮಣ್ಣಿನ ತೇವ ಗೋಡೆಯೊಳಗಿಂದ ಬರ್ತಾ ಇದೆ. ಒಳಗೆ ಪೈಂಟ್ ಹೊಡೆದರೆ ಅದು ನಿಲ್ಲುವುದಿಲ್ಲ, ಮೊದಲು ಹೊರಗಿನ ಚರಂಡಿ ಸರಿಯಾಗಬೇಕು. ಕೋಣೆಯ ಬದಿಯಲ್ಲಿ ಮಾತ್ರ ಹನಿ ಇದ್ದರೆ ಅದು ಗಾಳಿಯ ತೇವ. ಬಿಸಿಲು ಬಂದಾಗ ಕಿಟಕಿ ತೆರೆದು ಫ್ಯಾನ್ ಹಾಕಿ. ಈ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಎಪ್ರಿಲ್‌ನಲ್ಲಿ ಎಲ್ಲಾ ಗೋಡೆಯೂ ಒಣಗಿಯೇ ಇರ್ತದಲ್ಲ!

ಬಟ್ಟೆಯನ್ನು ಗೋಡೆಯಿಂದ ಒಂದು ಗೇಣು ದೂರ, ಮರದ ಹಲಗೆಯ ಮೇಲಿಡಿ. ಮೆಷಿನ್‌ಗೆ ಮೆಷಿನ್ ಎಣ್ಣೆಯೇ ಬೇಕು, ತೆಂಗಿನೆಣ್ಣೆ ಅಂಟಾಗ್ತದೆ. ದೀಪ ಎಡಬದಿಯಿಂದ ಸೂಜಿಯ ಮೇಲೆ ಬೀಳಲಿ; ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕುವವರಿಗೆ ಯಾಕೆಂದು ಗೊತ್ತು. 1,000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಗೆ ಅರ್ಥಿಂಗ್ ಇರುವ ಬೇರೆ ಪ್ಲಗ್ ಕೊಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನೂ ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಇಸ್ತ್ರಿ ಹಾಕುವುದು ಬೇಡವೇ ಬೇಡ.