ಹಾರ್ನ್ ಮರೆತ ಕೆಎ-45 ಡ್ರೈವರ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಗಾಡಿಗಳ ನಂಬರು ಶುರುವಾಗೋದೇ ಕೆಎ-45ರಿಂದ. ರಸ್ತೆ ಮೇಲೆ ಒಕ್ಕಣೆಗೆ ಹಾಸಿದ ಹುರುಳಿ, ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರ್, ಕೋಟೆ ರಸ್ತೆಯಲ್ಲಿ ಅಡ್ಡ ಬರುವ ಆನೆ - ಇವನ್ನೆಲ್ಲ ದಾಟಿ ಕಾರು ಕಲಿತವರಿಗೆ ಬೇರೆ ಯಾವ ರಸ್ತೆ ಕಷ್ಟ ಹೇಳಿ? ಕೆಲಸಕ್ಕೆಂದು ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದ ಮೇಲೆ ಉತ್ತರ ಸಿಕ್ಕಿತು.

ಆರು ತಿಂಗಳ ಗಡುವು

ಇಲ್ಲಿ ನೆಲೆಸಿದವರಿಗೆ ನಮ್ಮ ಲೈಸೆನ್ಸ್ ನಡೆಯೋದು ಆರೇ ತಿಂಗಳು. ಆಮೇಲೆ ಜರ್ಮನ್ ಲೈಸೆನ್ಸೇ ಬೇಕು. ಕೆಲವು ದೇಶದವರಿಗೆ ಪರೀಕ್ಷೆ ಇಲ್ಲದೆ ಬದಲಾಯಿಸಿ ಕೊಡ್ತಾರೆ, ನಮಗೆ ಆ ಅನುಕೂಲ ಇಲ್ಲ. ಥಿಯರಿಯಲ್ಲಿ 30 ಪ್ರಶ್ನೆ. ತಪ್ಪಿನ ಅಂಕ 10 ದಾಟಿದರೆ ಫೇಲು. ಇಂಗ್ಲಿಷಿನಲ್ಲೂ ಬರೆಯಬಹುದು. ರೋಡ್ ಟೆಸ್ಟ್ 55 ನಿಮಿಷದ್ದು. ಬೇಸಿಗೆಗೆ ಅಪ್ಪ ಅಮ್ಮ ಬರೋರಿದ್ದರು. ಅಮ್ಮನಿಗೆ ಮಂಡಿನೋವು, ಸ್ಟೇಷನ್ ಮೆಟ್ಟಿಲು ಹತ್ತಿ ಇಳಿಯೋಕಾಗಲ್ಲ. ಹಾಗಾಗಿ ಅವರು ಬರುವ ಮುಂಚೆ ಪಾಸಾಗಲೇಬೇಕಿತ್ತು.

ಬಲಗಡೆಯವರು ಮೊದಲು

ಬಲಬದಿ ಓಡಿಸೋದು ವಾರದಲ್ಲಿ ರೂಢಿಯಾಗುತ್ತೆ. ರೂಢಿಯಾಗದ್ದು ನಂಬಿಕೆ. ಬೋರ್ಡು, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಚಿಕ್ಕ ಗಲ್ಲಿಯಿಂದ ಸೈಕಲ್ ಬಂದರೂ ನಾನು ನಿಲ್ಲಬೇಕು. ಸೈಕಲ್ಲಿನವರು ನನ್ನ ಮುಖ ಕೂಡ ನೋಡೋದಿಲ್ಲ. ನಾನು ನಿಲ್ತೀನಿ ಅಂತ ಅವರಿಗೆ ಗೊತ್ತು. ಊರಲ್ಲಿ ನಾವು ಎದುರಿನವರ ಕಣ್ಣು ನೋಡಿ, ಹಾರ್ನ್ ಹೊಡೆದು ಮುಂದೆ ಹೋಗ್ತೀವಿ. ಇಲ್ಲಿ ಅಪಾಯ ಇದ್ದಾಗ ಬಿಟ್ಟರೆ ಊರೊಳಗೆ ಹಾರ್ನ್ ಹೊಡೆಯೋ ಹಾಗೇ ಇಲ್ಲ.

'ಹಾರ್ನೇ ಹೊಡೀದೆ ಅದೆಂಗೋ ಓಡುಸ್ತೀಯ ಮಗಾ?' ಅಂತ ಅಮ್ಮ ಫೋನಿನಲ್ಲಿ ಕೇಳ್ತಾನೇ ಇದ್ದರು.

ಕಪ್ಪು ಕಾಡಿನ ದಾರಿ

ಪಾಸಾದೆ. ಅವರಿಬ್ಬರನ್ನೂ ಕೂರಿಸಿಕೊಂಡು ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ಗೆ ಹೋಗುವ ಬಿ 500 ರಸ್ತೆ ಹಿಡಿದೆ. ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಮೇಲೆ ಸುಮಾರು 60 ಕಿ.ಮೀ. ದಾರಿ, ಎರಡೂ ಬದಿ ಮುಗಿಲೆತ್ತರದ ಮರಗಳು. 'ಕುಶಾಲನಗರ ದಾಟಿ ಮಡಿಕೇರಿ ಹತ್ತಿದಂಗೇ ಇದೆ ಕಣೋ, ಕಾಫಿ ತೋಟ ಒಂದಿಲ್ಲ' ಅಂದರು ಅಮ್ಮ.

ವಾಪಸ್ ಬರುವಾಗ ಆಟೋಬಾನ್‌ನಲ್ಲಿ ಟ್ರಾಫಿಕ್ ಜಾಮ್. ಎಡ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಓಣಿ ಮಾಡಿದರು. ಕಾನೂನೇ ಹಾಗಿದೆ, ಓಣಿ ಬಿಡದಿದ್ದರೆ ಕನಿಷ್ಠ 200 ಯೂರೋ ದಂಡ. 'ಸೈರನ್ನೇ ಕೇಳ್ತಿಲ್ಲ, ಆಗ್ಲೇ ಜಾಗ ಬಿಟ್ಟವ್ರಲ್ಲೋ!' ಅಂದ ಅಪ್ಪ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೋಟೆಯಿಂದ ಮೈಸೂರು ದೊಡ್ಡಾಸ್ಪತ್ರೆಗೆ ಐವತ್ತು ಕಿಲೋಮೀಟ್ರು. ನಮ್ಮಲ್ಲೂ ಹಿಂಗೆ ಬಿಟ್ರೆ ಎಷ್ಟು ಜೀವ ಉಳೀತಾವೋ' ಅಂದರು.

ಹೊರಡುವ ಮುಂಚೆ

ಜರ್ಮನಿಗೆ ಬರೋರು ಊರಿನ ಲೈಸೆನ್ಸ್ ಅವಧಿ ನೋಡಿಕೊಳ್ಳಿ, ಮೂಲ ಕಾರ್ಡ್ ಜೊತೆಗೇ ತನ್ನಿ. ಅದರ ಜರ್ಮನ್ ಅನುವಾದ ಮಾಡಿಸಿ. ಆರು ತಿಂಗಳು ಮುಗಿಯೋ ತನಕ ಕಾಯದೆ, ಬಂದ ಕೂಡಲೇ ಅರ್ಜಿ ಹಾಕಿ. ರಜೆಗೆ ಊರಿಗೆ ಹೋದಾಗ ಕಾರು ಮುಟ್ಟೋ ಮುಂಚೆ ಒಂದು ದಿನ ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡಿ. ಹಾರ್ನ್ ಮರೆತಿದ್ದರೆ ಪರವಾಗಿಲ್ಲ. ಆಂಬುಲೆನ್ಸಿಗೆ ದಾರಿ ಬಿಡೋದನ್ನು ಮಾತ್ರ ಅಲ್ಲೂ ಮರೀಬೇಡಿ.